ಬಂದ ಹಣ ಒಂದು, ಬಾಕಿ ಬಿಲ್ ಹಲವು: ಮೊತ್ತಕ್ಕೆ ಹೊಂದುವ ಸಂಖ್ಯೆಗಳನ್ನು ಕೋಡ್ ಹುಡುಕುವುದು ಹೇಗೆ? ಸಿಕ್ಕ ಉತ್ತರ ನಂಬಬಹುದೇ?

ಬ್ಯಾಂಕ್ ಖಾತೆಗೆ 17,325 ರೂಪಾಯಿ ಜಮೆಯಾಗಿದೆ. ಕಳುಹಿಸಿದ ಗಿರಾಕಿ ಯಾರೆಂದು ಗೊತ್ತು. ಆದರೆ ಯಾವ ಬಿಲ್‌ಗೆ ಕಳುಹಿಸಿದ್ದು ಎಂದು ಗೊತ್ತಿಲ್ಲ. ಆ ಗಿರಾಕಿಯ ಹೆಸರಿನಲ್ಲಿ ಎಂಟು ಬಿಲ್‌ಗಳು ಬಾಕಿ ಇವೆ, ಅವುಗಳಲ್ಲಿ ಒಂದೂ 17,325 ರೂಪಾಯಿಯದ್ದಲ್ಲ. ಅಂದರೆ ಎರಡೋ ಮೂರೋ ಬಿಲ್‌ಗಳನ್ನು ಸೇರಿಸಿ ಒಟ್ಟಿಗೆ ಹಣ ಕಳುಹಿಸಿರಬೇಕು. ಅವು ಯಾವುವು?

ಹೋಟೆಲ್‌ಗಳಿಗೆ ದಿನಸಿ ಪೂರೈಸುವವರು, ಔಷಧ ವಿತರಕರು, ಸಗಟು ವ್ಯಾಪಾರಿಗಳು ಮತ್ತು ಅವರ ಲೆಕ್ಕ ಬರೆಯುವವರಿಗೆ ಇದು ತಿಂಗಳ ಕೊನೆಯ ಮಾಮೂಲಿ ತಲೆನೋವು. ಮೊದಲು ಕ್ಯಾಲ್ಕುಲೇಟರ್ ಹಿಡಿದು ಕೂಡಿ ನೋಡುತ್ತಿದ್ದರು, ಬಳಿಕ ಎಕ್ಸೆಲ್ ಬಂತು. ಈಗ ಪೈಥಾನ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ಕೋಡ್ ಬರೆದರೆ, ಅಥವಾ ಎಐ ಸಹಾಯಕನಿಂದ ಬರೆಸಿಕೊಂಡರೆ, ಕಣ್ಣು ಮಿಟುಕಿಸುವುದರೊಳಗೆ ಉತ್ತರ ಸಿಗುತ್ತದೆ. ಆದರೆ ಆ ಉತ್ತರ ಸರಿಯೇ? ಲೆಕ್ಕ ತಾಳೆಯಾದ ಮಾತ್ರಕ್ಕೆ ಆ ಬಿಲ್‌ಗಳೇ ಪಾವತಿಯಾಗಿವೆ ಎನ್ನಬಹುದೇ? ಇಲ್ಲಿದೆ ವಿವರ.

ಏನಿದು ಸಮಸ್ಯೆ?

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ 'ಸಬ್‌ಸೆಟ್ ಸಮ್' ಎಂಬ ಹೆಸರಿದೆ. ಒಂದಿಷ್ಟು ಸಂಖ್ಯೆಗಳು ಮತ್ತು ಒಂದು ಗುರಿ ಮೊತ್ತವನ್ನು ಕೊಟ್ಟಾಗ, ಕೂಡಿದರೆ ಸರಿಯಾಗಿ ಆ ಗುರಿಗೆ ಸಮನಾಗುವ ಸಂಖ್ಯೆಗಳ ಗುಂಪನ್ನು ಹುಡುಕಬೇಕು. ಒಂದು ಸಂಖ್ಯೆಯನ್ನು ಒಮ್ಮೆ ಮಾತ್ರ ಬಳಸಬಹುದು. ಏಕೆಂದರೆ ಒಂದು ಬಿಲ್ ಎರಡು ಸಲ ಚುಕ್ತಾ ಆಗುವುದಿಲ್ಲ.

ಮೇಲಿನ ಉದಾಹರಣೆಯ ಎಂಟು ಬಿಲ್‌ಗಳು ಹೀಗಿವೆ ಎಂದುಕೊಳ್ಳೋಣ: 1,860, 2,425, 3,175, 4,250, 5,825, 6,800, 7,350 ಮತ್ತು 9,640 ರೂಪಾಯಿ. ಗುರಿ 17,325.

ಮೊದಲ ದಾರಿ: ಎಲ್ಲವನ್ನೂ ಕೂಡಿ ನೋಡುವುದು

ಎಲ್ಲಕ್ಕಿಂತ ಸರಳವಾದ ಕೋಡ್ ಎಲ್ಲ ಗುಂಪುಗಳನ್ನೂ ಪರೀಕ್ಷಿಸುತ್ತದೆ. ಪ್ರತಿ ಬಿಲ್‌ಗೆ ಇರುವುದು ಎರಡೇ ಆಯ್ಕೆ: ಸೇರಿಸುವುದು ಅಥವಾ ಬಿಡುವುದು. ಹೀಗಾಗಿ ಬಿಲ್‌ಗಳ ಸಂಖ್ಯೆ ಒಂದು ಹೆಚ್ಚಿದಾಗಲೆಲ್ಲ ಗುಂಪುಗಳ ಸಂಖ್ಯೆ ದುಪ್ಪಟ್ಟಾಗುತ್ತದೆ. ಎಂಟು ಬಿಲ್‌ಗೆ 256 ಗುಂಪು. ಇದು ಕಂಪ್ಯೂಟರ್‌ಗೆ ಲೆಕ್ಕಕ್ಕೇ ಇಲ್ಲದ ಕೆಲಸ.

ಆದರೆ 20 ಬಿಲ್ ಆದಾಗ ಗುಂಪುಗಳು 10,48,576. 30 ಬಿಲ್ ಆದಾಗ 107 ಕೋಟಿಗೂ ಹೆಚ್ಚು. 40 ಆದರೆ ಸುಮಾರು 1.1 ಲಕ್ಷ ಕೋಟಿ! ಸೆಕೆಂಡಿಗೆ 10 ಲಕ್ಷ ಗುಂಪು ಪರೀಕ್ಷಿಸುವ ಕೋಡ್ ಎಂದು ಲೆಕ್ಕ ಹಾಕಿದರೆ, 20 ಬಿಲ್‌ಗೆ ಒಂದು ಸೆಕೆಂಡು, 30ಕ್ಕೆ ಸುಮಾರು 18 ನಿಮಿಷ, 40ಕ್ಕೆ ಹೆಚ್ಚುಕಡಿಮೆ 13 ದಿನ, 50ಕ್ಕೆ ಸುಮಾರು 35 ವರ್ಷ ಬೇಕು. ಹತ್ತು ಬಿಲ್ ಇಟ್ಟು ಪರೀಕ್ಷಿಸಿದಾಗ ಚೆನ್ನಾಗಿ ಓಡಿದ ಕೋಡ್, ನಿಜವಾದ ಪಟ್ಟಿ ಕೊಟ್ಟಾಗ 'ಹ್ಯಾಂಗ್' ಆಗುವುದು ಇದೇ ಕಾರಣಕ್ಕೆ.

ದೊಡ್ಡ ಬಿಲ್‌ನಿಂದ ಶುರು ಮಾಡಿದರೆ ಆಗದೇ?

ಚಿಲ್ಲರೆ ಕೊಡುವಾಗ ಎಲ್ಲರೂ ಮಾಡುವುದು ಹೀಗೆಯೇ. ಮೊದಲು 500ರ ನೋಟು, ಆಮೇಲೆ 200, 100, ಕೊನೆಗೆ ನಾಣ್ಯ. ನಮ್ಮ ನೋಟು, ನಾಣ್ಯಗಳ ಬೆಲೆಗಳು ಈ ಲೆಕ್ಕಕ್ಕೆ ಒಗ್ಗುವಂತಿವೆ, ಒಂದೇ ಬೆಲೆಯ ನೋಟನ್ನು ಎಷ್ಟು ಸಲ ಬೇಕಾದರೂ ಕೊಡಬಹುದು.

ಬಿಲ್‌ಗಳ ವಿಷಯದಲ್ಲಿ ಈ ದಾರಿ ಕೈಕೊಡುತ್ತದೆ. 17,325ರಲ್ಲಿ ದೊಡ್ಡ ಬಿಲ್ 9,640 ಕಳೆದರೆ ಉಳಿಯುವುದು 7,685. ಅದರಲ್ಲಿ 7,350 ಕಳೆದರೆ 335. ಅಷ್ಟು ಚಿಕ್ಕ ಬಿಲ್ ಪಟ್ಟಿಯಲ್ಲೇ ಇಲ್ಲ. ಕೋಡ್ 'ಹೊಂದಾಣಿಕೆ ಇಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಆದರೆ ಹೊಂದಾಣಿಕೆ ಖಂಡಿತ ಇದೆ: 3,175, 6,800 ಮತ್ತು 7,350 ಕೂಡಿದರೆ ಸರಿಯಾಗಿ 17,325.

ಹಿಂದೆ ಸರಿದು ಮತ್ತೆ ಹುಡುಕುವ ವಿಧಾನ

ಇದಕ್ಕಿಂತ ಜಾಣ ವಿಧಾನದ ಹೆಸರು 'ಬ್ಯಾಕ್‌ಟ್ರ್ಯಾಕಿಂಗ್'. ಒಂದೊಂದೇ ಬಿಲ್ ಸೇರಿಸುತ್ತಾ ಹೋಗುವುದು, ದಾರಿ ಮುಚ್ಚಿದರೆ ಕೊನೆಯದನ್ನು ಬಿಟ್ಟು ಹಿಂದೆ ಬಂದು ಬೇರೆ ದಾರಿ ಹಿಡಿಯುವುದು. ಇದರ ಬಲ ಇರುವುದು ಎರಡು ತಪಾಸಣೆಗಳಲ್ಲಿ. ಈವರೆಗಿನ ಮೊತ್ತ ಗುರಿಯನ್ನು ದಾಟಿದರೆ ಮುಂದೆ ಹೋಗುವ ಅಗತ್ಯವಿಲ್ಲ. ಉಳಿದ ಎಲ್ಲ ಬಿಲ್ ಸೇರಿಸಿದರೂ ಗುರಿ ಮುಟ್ಟದಿದ್ದರೆ ಆಗಲೂ ಮುಂದೆ ಹೋಗಬೇಕಿಲ್ಲ. ಬಿಲ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಟ್ಟುಕೊಂಡರೆ ಈ ತಪಾಸಣೆಗಳು ಬೇಗ ಕೆಲಸಕ್ಕೆ ಬರುತ್ತವೆ, ಲಕ್ಷಾಂತರ ಗುಂಪುಗಳನ್ನು ನೋಡದೆಯೇ ಕೈಬಿಡಬಹುದು.

ಒಂದು ಎಚ್ಚರಿಕೆ. ಮಾಲು ವಾಪಸಾದಾಗ ಕೊಡುವ ಕ್ರೆಡಿಟ್ ನೋಟ್ ಪಟ್ಟಿಯಲ್ಲಿದ್ದರೆ ಅದು ಋಣ ಸಂಖ್ಯೆ. ಆಗ ಮೊತ್ತ ಗುರಿ ದಾಟಿದ ಮೇಲೂ ಕೆಳಗೆ ಇಳಿಯಬಹುದು. 'ದಾಟಿದರೆ ನಿಲ್ಲಿಸು' ಎಂಬ ನಿಯಮ ಇದ್ದರೆ ಸರಿಯಾದ ಉತ್ತರವೇ ತಪ್ಪಿಹೋಗುತ್ತದೆ.

ಪೆಟ್ಟಿಗೆಗಳ ಸಾಲು: ಡೈನಾಮಿಕ್ ಪ್ರೋಗ್ರಾಮಿಂಗ್

ಮತ್ತೊಂದು ವಿಧಾನ ಗುಂಪುಗಳ ಗೋಜಿಗೇ ಹೋಗುವುದಿಲ್ಲ. ಯಾವ ಯಾವ ಮೊತ್ತಗಳನ್ನು ತಲುಪಬಹುದು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ ರೂಪಿಸಿದ ಈ ಕ್ರಮಕ್ಕೆ 'ಡೈನಾಮಿಕ್ ಪ್ರೋಗ್ರಾಮಿಂಗ್' ಎಂದು ಹೆಸರು.

ಸೊನ್ನೆಯಿಂದ 17,325ರವರೆಗೆ ಪೆಟ್ಟಿಗೆಗಳ ಸಾಲನ್ನು ಕಲ್ಪಿಸಿಕೊಳ್ಳಿ. ಕೋಡ್ ಮಾಡುವ ಕೆಲಸ ಇಷ್ಟು:

1. ಏನನ್ನೂ ಸೇರಿಸದಿದ್ದರೆ ಮೊತ್ತ ಸೊನ್ನೆ. ಹಾಗಾಗಿ ಸೊನ್ನೆಯ ಪೆಟ್ಟಿಗೆಗೆ ಗುರುತು ಹಾಕು.
2. ಮೊದಲ ಬಿಲ್ 1,860 ತೆಗೆದುಕೋ. ಈಗ 1,860ರ ಪೆಟ್ಟಿಗೆಗೂ ಗುರುತು.
3. ಎರಡನೆಯದು 2,425. ಗುರುತಿರುವ ಪ್ರತಿ ಮೊತ್ತಕ್ಕೆ ಇದನ್ನು ಕೂಡಿಸು. 2,425 ಮತ್ತು 4,285 ಸಿಗುತ್ತವೆ.
4. ಮೂರನೆಯದು 3,175. ಈಗ 3,175, 5,035, 5,600 ಮತ್ತು 7,460 ಸೇರುತ್ತವೆ.
5. ಬಿಲ್‌ಗಳು ಮುಗಿಯುವವರೆಗೆ ಹೀಗೇ ಮುಂದುವರಿಸು. ಕೊನೆಗೆ 17,325ರ ಪೆಟ್ಟಿಗೆಯಲ್ಲಿ ಗುರುತು ಇದೆಯೇ ನೋಡು.

ಹೊಸಬರು ಎಡವುವ ಜಾಗ ಒಂದಿದೆ. ಪ್ರತಿ ಬಿಲ್‌ಗೆ ಪೆಟ್ಟಿಗೆಗಳನ್ನು ಮೇಲಿನಿಂದ ಕೆಳಕ್ಕೆ, ಅಂದರೆ 17,325ರಿಂದ ಸೊನ್ನೆಯ ಕಡೆಗೆ ನೋಡುತ್ತಾ ಬರಬೇಕು. ಕೆಳಗಿನಿಂದ ಮೇಲಕ್ಕೆ ಹೋದರೆ, ಈಗಷ್ಟೇ ಗುರುತು ಹಾಕಿದ 1,860ಕ್ಕೆ ಅದೇ ಬಿಲ್ ಮತ್ತೆ ಸೇರಿ 3,720, ಇನ್ನೊಮ್ಮೆ ಸೇರಿ 5,580 ಆಗಿಬಿಡುತ್ತದೆ. ಚಿಲ್ಲರೆ ಲೆಕ್ಕಕ್ಕೆ ಅದು ಸರಿ, ಬಿಲ್ ಲೆಕ್ಕಕ್ಕೆ ತಪ್ಪು. ಕೋಡ್‌ನಲ್ಲಿ ವ್ಯತ್ಯಾಸ ಒಂದೇ ಸಾಲಿನದು, ಉತ್ತರ ಮಾತ್ರ ಪೂರ್ತಿ ಬೇರೆ.

ಇಲ್ಲಿ ಕೆಲಸದ ಪ್ರಮಾಣ ಬಿಲ್‌ಗಳ ಸಂಖ್ಯೆಯನ್ನು ಗುರಿ ಮೊತ್ತದಿಂದ ಗುಣಿಸಿದಷ್ಟು. 40 ಬಿಲ್‌ಗೆ 17,325 ಗುರಿಯಾದರೆ ಸುಮಾರು 6.93 ಲಕ್ಷ ಹೆಜ್ಜೆ. ಮೊದಲ ದಾರಿಯ 1.1 ಲಕ್ಷ ಕೋಟಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ಎಂಟೇ ಬಿಲ್ ಇದ್ದಾಗ ಲೆಕ್ಕ ತಿರುಗುಮುರುಗು: ಅಲ್ಲಿ 256 ಗುಂಪು ನೋಡಿದರೆ ಮುಗಿಯಿತು, ಇಲ್ಲಿ 1.38 ಲಕ್ಷ ಹೆಜ್ಜೆ ಬೇಕು. ಮೊತ್ತ ಕೋಟಿಗಳಲ್ಲಿದ್ದರೆ ಪೆಟ್ಟಿಗೆಗಳ ಸಾಲೂ ಅಷ್ಟೇ ಉದ್ದವಾಗುತ್ತದೆ. ಎಲ್ಲ ಕಡೆಗೂ ಸಲ್ಲುವ ಒಂದೇ ಮದ್ದು ಇಲ್ಲ.

ಪುಣೆಯಲ್ಲಿ ಹುಟ್ಟಿದ ವಿಜ್ಞಾನಿಯ ಉಪಾಯ

ಮೊತ್ತ ದೊಡ್ಡದು, ಬಿಲ್‌ಗಳು ನಲವತ್ತರ ಆಸುಪಾಸು ಎಂದಾಗ ನೆರವಿಗೆ ಬರುವ ವಿಧಾನವನ್ನು 1974ರಲ್ಲಿ ಎಲಿಸ್ ಹೊರೊವಿಟ್ಜ್ ಮತ್ತು ಸರ್ತಾಜ್ ಸಾಹ್ನಿ ಪ್ರಕಟಿಸಿದರು. ಸಾಹ್ನಿ ಪುಣೆಯಲ್ಲಿ ಹುಟ್ಟಿ, ಐಐಟಿ ಕಾನ್ಪುರದಲ್ಲಿ ಓದಿ, ಅಮೆರಿಕದಲ್ಲಿ ನೆಲೆಸಿದ ಕಂಪ್ಯೂಟರ್ ವಿಜ್ಞಾನಿ.

ಉಪಾಯ ಸರಳ. 40 ಬಿಲ್‌ಗಳನ್ನು 20-20ರ ಎರಡು ಪಾಲು ಮಾಡಬೇಕು. ಪ್ರತಿ ಪಾಲಿನಲ್ಲೂ ಸಾಧ್ಯವಿರುವ ಮೊತ್ತಗಳು 10.48 ಲಕ್ಷ. ಎರಡೂ ಪಟ್ಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಓದುತ್ತಾ ಬಂದರೆ ಗುರಿಗೆ ಹೊಂದುವ ಜೋಡಿ ಸಿಗುತ್ತದೆ. 1.1 ಲಕ್ಷ ಕೋಟಿ ಗುಂಪುಗಳ ಬದಲು ಸುಮಾರು 21 ಲಕ್ಷ ಮೊತ್ತಗಳಲ್ಲಿ ಕೆಲಸ ಮುಗಿಯುತ್ತದೆ. 13 ದಿನಗಳ ಕೆಲಸ ಕೆಲವೇ ಸೆಕೆಂಡಿಗೆ ಇಳಿಯುತ್ತದೆ.

ಕಷ್ಟವೇ ಗುಟ್ಟು ಕಾಯುವ ಬೀಗವಾದಾಗ

ಇಷ್ಟೆಲ್ಲ ಉಪಾಯಗಳಿದ್ದರೂ ಬಿಲ್‌ಗಳು ನೂರಾರು, ಮೊತ್ತಗಳು ಬಹಳ ದೊಡ್ಡವು ಎಂದಾದರೆ ಎಲ್ಲ ಸಂದರ್ಭಕ್ಕೂ ವೇಗವಾಗಿ ಉತ್ತರ ಕೊಡುವ ವಿಧಾನ ಈವರೆಗೆ ಸಿಕ್ಕಿಲ್ಲ. 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಪ್ರಸಿದ್ಧ ಕಠಿಣ ಸಮಸ್ಯೆಗಳಲ್ಲಿ ಇದೂ ಒಂದು. ಇವುಗಳಲ್ಲಿ ಒಂದಕ್ಕೆ ವೇಗದ ದಾರಿ ಸಿಕ್ಕರೂ ಉಳಿದೆಲ್ಲಕ್ಕೂ ಸಿಕ್ಕಂತೆ. ಅಂಥ ದಾರಿ ಇದೆಯೇ ಇಲ್ಲವೇ ಎಂದು ಸಾಧಿಸುವವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ರಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ಅದನ್ನು ಇನ್ನೂ ಯಾರೂ ಗೆದ್ದಿಲ್ಲ.

ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡು 1978ರಲ್ಲಿ ರಾಲ್ಫ್ ಮರ್ಕಲ್ ಮತ್ತು ಮಾರ್ಟಿನ್ ಹೆಲ್‌ಮನ್ ರಹಸ್ಯ ಸಂದೇಶ ಕಳುಹಿಸುವ ವ್ಯವಸ್ಥೆಯೊಂದನ್ನು ಕಟ್ಟಿದರು. ಸಂದೇಶ ಪಡೆಯುವವನ ಬಳಿ 2, 3, 7, 14, 30 ಎಂಬಂಥ ಪಟ್ಟಿ ಇರುತ್ತದೆ. ಇದರಲ್ಲಿ ಪ್ರತಿ ಸಂಖ್ಯೆಯೂ ಹಿಂದಿನ ಎಲ್ಲವುಗಳ ಮೊತ್ತಕ್ಕಿಂತ ದೊಡ್ಡದು. ಇಂಥ ಪಟ್ಟಿಯಲ್ಲಿ 39 ಹೇಗೆ ಬಂತು ಎಂದು ಹುಡುಕುವುದು ಸುಲಭ: 30 ಕಳೆದರೆ 9, ಅದರಲ್ಲಿ 7 ಕಳೆದರೆ 2. ಮುಗಿಯಿತು. ಹೊರಗಿನವರಿಗೆ ಮಾತ್ರ ಈ ಪಟ್ಟಿಯನ್ನು ಗುಣಾಕಾರದಿಂದ ಕಲಸಿ, ಗುರುತು ಸಿಗದಂತೆ ಮಾಡಿ ಕೊಡಲಾಗುತ್ತಿತ್ತು. ಆದರೆ ಕಲಸಿದ ಮೇಲೂ ಮೂಲ ಪಟ್ಟಿಯ ಸುಳಿವು ಉಳಿದಿತ್ತು. 1982ರಲ್ಲಿ ಆದಿ ಶಮೀರ್ ಅದನ್ನು ಹಿಡಿದು ಬೀಗ ಒಡೆದೇಬಿಟ್ಟರು.

ಪೈಸೆಯಲ್ಲಿ ತಪ್ಪುವ ಲೆಕ್ಕ

ಕೋಡ್ ಸರಿಯಾಗಿದ್ದರೂ ಉತ್ತರ ಸಿಗದಿರಲು ಸಾಮಾನ್ಯ ಕಾರಣ ದಶಮಾಂಶ. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುತ್ತದೆ, ಹಾಗಾಗಿ 0.1, 0.2ರಂಥ ಸಂಖ್ಯೆಗಳು ಅದಕ್ಕೆ ಕರಾರುವಾಕ್ಕಾಗಿ ಸಿಗುವುದಿಲ್ಲ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿದರೆ ಬರುವ ಉತ್ತರ 0.3 ಅಲ್ಲ, 0.30000000000000004. 'ಮೊತ್ತ ಗುರಿಗೆ ಸಮವೇ?' ಎಂದು ಕೇಳಿದರೆ ಕೋಡ್ 'ಇಲ್ಲ' ಎನ್ನುತ್ತದೆ. ಪರಿಹಾರ ಸುಲಭ: ಎಲ್ಲವನ್ನೂ 100ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಪೈಸೆಯಲ್ಲೇ ಲೆಕ್ಕ ಮಾಡುವುದು.

ಟಿಡಿಎಸ್ ಇನ್ನೊಂದು ತೊಡಕು. ಗಿರಾಕಿ ತೆರಿಗೆ ಮುರಿದುಕೊಂಡು ಹಣ ಕಳುಹಿಸಿದ್ದರೆ ಬಿಲ್‌ನ ಮೊತ್ತವೂ ಬಂದ ಮೊತ್ತವೂ ತಾಳೆಯಾಗುವುದಿಲ್ಲ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಲೆಕ್ಕಕ್ಕೆ ಜಿಎಸ್‌ಟಿ ಸೇರುವುದಿಲ್ಲ. ಆದ್ದರಿಂದ ಪ್ರತಿ ಬಿಲ್‌ಗೂ ಕೈಗೆ ಬರಬೇಕಾದ ನಿವ್ವಳ ಮೊತ್ತ ಕಂಡುಕೊಂಡು, ಆ ಮೊತ್ತಗಳನ್ನೇ ಕೋಡ್‌ಗೆ ಕೊಡಬೇಕು.

ಉತ್ತರ ಸಿಕ್ಕಿತು, ಆದರೆ ಅದೇ ಸರಿಯೇ?

ಅಸಲಿ ಸಮಸ್ಯೆ ಇರುವುದು ಇಲ್ಲಿ. ಉದಾಹರಣೆಯ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 3,175, 6,800 ಮತ್ತು 7,350 ಕೂಡಿದರೆ 17,325. ಆದರೆ 1,860, 5,825 ಮತ್ತು 9,640 ಕೂಡಿದರೂ 17,325! ಎರಡು ಉತ್ತರಗಳಲ್ಲಿ ಒಂದು ಬಿಲ್ ಕೂಡ ಸಮಾನವಾಗಿಲ್ಲ. ಕೋಡ್ ಮೊದಲ ಉತ್ತರಕ್ಕೇ ನಿಂತರೆ, ಇನ್ನೊಂದು ಉತ್ತರ ಇದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಎಕ್ಸೆಲ್‌ನ ಸಾಲ್ವರ್ ಕೂಡ ಹೊಂದುವ ಒಂದು ಗುಂಪು ಸಿಕ್ಕರೆ ಅದನ್ನೇ ತೋರಿಸಿ ಸುಮ್ಮನಾಗುತ್ತದೆ.

ಇದು ಅಪರೂಪದ ಕಾಕತಾಳೀಯವೇನೂ ಅಲ್ಲ. 20 ಬಿಲ್‌ಗಳಿವೆ, ಯಾವುದೂ 10 ಸಾವಿರ ರೂಪಾಯಿ ಮೀರಿಲ್ಲ, ಪೈಸೆ ಇಲ್ಲ ಎಂದುಕೊಳ್ಳಿ. ಎಲ್ಲವನ್ನೂ ಕೂಡಿದರೂ ಮೊತ್ತ 2 ಲಕ್ಷ ದಾಟದು. ಆದರೆ ಗುಂಪುಗಳು 10 ಲಕ್ಷಕ್ಕೂ ಹೆಚ್ಚು. ಅಂದರೆ ಒಂದೊಂದು ಮೊತ್ತಕ್ಕೂ ಸರಾಸರಿ ಐದು ಗುಂಪು! 30 ಬಿಲ್ ಆದರೆ ಸರಾಸರಿ 3,500ಕ್ಕೂ ಹೆಚ್ಚು. ಹೀಗಿರುವಾಗ 'ಮೊತ್ತ ತಾಳೆಯಾಯಿತು' ಎಂಬ ಮಾತಿಗೆ ಸಾಕ್ಷ್ಯದ ಬೆಲೆಯೇ ಇಲ್ಲ. ಬಿಲ್ ಹೆಚ್ಚಿದಷ್ಟೂ ಯಾವುದಾದರೂ ಒಂದು ಗುಂಪು ಹೊಂದುವುದು ಖಚಿತವಾಗುತ್ತದೆ, ಅದೇ ನಿಜವಾದ ಗುಂಪು ಎನ್ನುವ ಖಾತ್ರಿ ಕಡಿಮೆಯಾಗುತ್ತದೆ.

ತಪ್ಪು ಬಿಲ್ ಚುಕ್ತಾ ಮಾಡಿದರೆ ಏನಾಗುತ್ತದೆ? ಹಣ ಕೊಟ್ಟ ಬಿಲ್‌ಗೇ ಗಿರಾಕಿಗೆ ಮತ್ತೆ ಫೋನ್ ಹೋಗುತ್ತದೆ. ನಿಜವಾಗಿ ಬಾಕಿ ಇರುವ ಹಳೆಯ ಬಿಲ್ ಪಟ್ಟಿಯಿಂದಲೇ ಮಾಯವಾಗುತ್ತದೆ. ಕೊಳ್ಳುವವರ ಕಡೆಯಲ್ಲೂ ಇದಕ್ಕೆ ಬೆಲೆ ಇದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಬಿಲ್ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್‌ನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಕ್ರೆಡಿಟ್ ಅನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. ಯಾವ ಬಿಲ್ ಚುಕ್ತಾ ಆಗಿದೆ ಎನ್ನುವುದು ಕೇವಲ ಲೆಕ್ಕದ ಪುಸ್ತಕದ ಮಾತಲ್ಲ.

1872ರ ಕಾನೂನು ಏನು ಹೇಳುತ್ತದೆ?

ಹಲವು ಬಾಕಿ, ಒಂದೇ ಪಾವತಿ ಎಂಬ ಗೊಂದಲಕ್ಕೆ ಕಂಪ್ಯೂಟರ್ ಬರುವ ಮೊದಲೇ ಉತ್ತರ ಬರೆದಿಡಲಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 59, 60 ಮತ್ತು 61ನೇ ಸೆಕ್ಷನ್‌ಗಳು ಇರುವುದೇ ಇದಕ್ಕೆ.

59ನೇ ಸೆಕ್ಷನ್ ಪ್ರಕಾರ, ಯಾವ ಬಾಕಿಗೆ ಕೊಡುತ್ತಿದ್ದೇನೆ ಎಂದು ಸಾಲಗಾರ ಹೇಳಿದ್ದರೆ, ಅಥವಾ ಸಂದರ್ಭದಿಂದ ಅದು ಗೊತ್ತಾಗುವಂತಿದ್ದರೆ, ಹಣ ತೆಗೆದುಕೊಂಡವರು ಅದಕ್ಕೇ ಜಮೆ ಮಾಡಬೇಕು. ಕಾಯ್ದೆ ಕೊಡುವ ಉದಾಹರಣೆ ಗಮನಾರ್ಹ. ಜೂನ್ 1ಕ್ಕೆ 1,000 ರೂಪಾಯಿಯ ಪತ್ರವೊಂದರ ಹಣ ಕೊಡಬೇಕಿದೆ, ಅಷ್ಟೇ ಮೊತ್ತದ ಬೇರೆ ಬಾಕಿ ಇಲ್ಲ, ಅದೇ ದಿನ 1,000 ರೂಪಾಯಿ ಬಂದಿದೆ. ಹಾಗಾದರೆ ಅದು ಆ ಪತ್ರದ ಹಣವೇ. 'ಅಷ್ಟೇ ಮೊತ್ತದ ಬೇರೆ ಬಾಕಿ ಇಲ್ಲ' ಎಂಬ ಷರತ್ತೇ ಇಲ್ಲಿ ಮುಖ್ಯ. ಹೊಂದಾಣಿಕೆ ಒಂದೇ ಇದ್ದಾಗ ಮೊತ್ತವೇ ಸುಳಿವಾಗುತ್ತದೆ. ಕೋಡ್ ಬರೆಯುವವರು ಬಹುತೇಕ ಮರೆಯುವ ತಪಾಸಣೆಯೂ ಇದೇ.

ಸಾಲಗಾರ ಏನೂ ಹೇಳದೆ, ಸಂದರ್ಭವೂ ಏನನ್ನೂ ಸೂಚಿಸದಿದ್ದರೆ, 60ನೇ ಸೆಕ್ಷನ್ ಪ್ರಕಾರ ಹಣ ಪಡೆದವರು ತಮಗೆ ನ್ಯಾಯವಾಗಿ ಬರಬೇಕಾದ ಯಾವ ಬಾಕಿಗೆ ಬೇಕಾದರೂ ಜಮೆ ಮಾಡಿಕೊಳ್ಳಬಹುದು. ವಸೂಲಿಯ ಕಾಲಮಿತಿ ಮೀರಿದ ಬಾಕಿಗೂ ಇದು ಅನ್ವಯ. ಇಬ್ಬರೂ ಏನೂ ಮಾಡದಿದ್ದರೆ 61ನೇ ಸೆಕ್ಷನ್ ಜಾರಿಗೆ ಬರುತ್ತದೆ: ಹಳೆಯ ಬಾಕಿಗೆ ಮೊದಲು, ಆಮೇಲೆ ಮುಂದಿನದಕ್ಕೆ. ಒಂದೇ ಕಾಲದ ಬಾಕಿಗಳಾದರೆ ಪ್ರಮಾಣಾನುಸಾರ ಹಂಚಿಕೆ.

ಕೋಡ್ ಬರೆಯುವಾಗ ಗಮನದಲ್ಲಿಡಿ

* ಮೊದಲು ಎಣಿಸಿ, ಆಮೇಲೆ ತೋರಿಸಿ: ಪೆಟ್ಟಿಗೆಗಳ ಸಾಲಿನಲ್ಲಿ ಬರೀ ಗುರುತಿನ ಬದಲು, ಆ ಮೊತ್ತ ಎಷ್ಟು ರೀತಿಯಲ್ಲಿ ಬರುತ್ತದೆ ಎಂಬ ಎಣಿಕೆ ಇಡಿ. ಉದಾಹರಣೆಯ ಪಟ್ಟಿಗೆ ಕೊನೆಯ ಪೆಟ್ಟಿಗೆಯಲ್ಲಿ '2' ಬರುತ್ತದೆ. ಒಂದಕ್ಕಿಂತ ಹೆಚ್ಚು ಬಂದರೆ ಕೋಡ್ ತಾನೇ ತೀರ್ಮಾನ ಮಾಡದೆ ಎಲ್ಲ ಉತ್ತರಗಳನ್ನೂ ತೋರಿಸಲಿ, ಬಹಳ ಇದ್ದರೆ ಸಂಖ್ಯೆಯನ್ನಾದರೂ ಹೇಳಲಿ.

* ಸಾಲಾಗಿ ಬರುವ ಬಿಲ್‌ಗಳನ್ನು ಮೊದಲು ನೋಡಿ: ಗಿರಾಕಿಗಳು ಒಂದು ಅವಧಿಯ ಬಿಲ್‌ಗಳನ್ನು ಒಟ್ಟಿಗೆ ಕೊಡುವುದುಂಟು. 30 ಬಿಲ್‌ಗಳಲ್ಲಿ ದಿನಾಂಕದ ಪ್ರಕಾರ ಸಾಲಾಗಿ ಬರುವ ಗುಂಪುಗಳು ಕೇವಲ 465. ಅವುಗಳಲ್ಲಿ ಒಂದು ಹೊಂದಿದರೆ ಅದು ಕಾಕತಾಳೀಯವಾಗಿರುವ ಸಾಧ್ಯತೆ ಕಡಿಮೆ.

* ಬಿಲ್‌ಗಳ ಸಂಖ್ಯೆಗೆ ಮಿತಿ ಹಾಕಿ: 30ರಲ್ಲಿ ಹೆಚ್ಚೆಂದರೆ ಮೂರು ಬಿಲ್ ಎಂದು ಮಿತಿ ಹಾಕಿದರೆ ನೋಡಬೇಕಾದ ಗುಂಪುಗಳು 4,525 ಮಾತ್ರ. ಮಿತಿ ಇಲ್ಲದಿದ್ದರೆ 107 ಕೋಟಿ.

* ಪೈಸೆಯನ್ನು ಬಿಡಬೇಡಿ: ಬಿಲ್‌ನಲ್ಲಿ ಪೈಸೆ ಇದ್ದರೆ ಹಾಗೇ ಉಳಿಸಿಕೊಳ್ಳಿ. ಸಾಧ್ಯವಿರುವ ಮೊತ್ತಗಳು ನೂರು ಪಟ್ಟು ಹೆಚ್ಚುವುದರಿಂದ ಸುಳ್ಳು ಹೊಂದಾಣಿಕೆಗಳು ಅಷ್ಟೇ ಕಡಿಮೆಯಾಗುತ್ತವೆ.

* ದಿನಾಂಕ ನೋಡಿ: ಹಣ ಬಂದ ದಿನದ ನಂತರ ಮಾಡಿದ ಬಿಲ್‌ಗಳನ್ನು ಪಟ್ಟಿಯಿಂದ ತೆಗೆಯಿರಿ. ಮುಂಗಡ ಕೊಡುವ ಗಿರಾಕಿಯಾದರೆ ಅದಕ್ಕೆ ಬೇರೆ ಲೆಕ್ಕ.

* ಕ್ರೆಡಿಟ್ ನೋಟ್ ಇದೆಯೇ ಪರೀಕ್ಷಿಸಿ: ಇದ್ದರೆ 'ಗುರಿ ದಾಟಿದರೆ ನಿಲ್ಲಿಸು' ನಿಯಮವನ್ನು ಕೈಬಿಡಿ.

ಇಷ್ಟಾದ ಮೇಲೂ ಎರಡು ಉತ್ತರ ಉಳಿದರೆ ಇನ್ನಷ್ಟು ಕೋಡ್ ಬರೆದು ಪ್ರಯೋಜನವಿಲ್ಲ. ಎರಡೂ ಪಟ್ಟಿಗಳನ್ನು ಗಿರಾಕಿಗೆ ಕಳುಹಿಸಿ 'ಯಾವುದು ನಿಮ್ಮದು?' ಎಂದು ಕೇಳಿ, ಬಂದ ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳುವುದು ಲೇಸು. ಹಣ ಕಳುಹಿಸುವವರು ವರ್ಗಾವಣೆ ಮಾಡುವಾಗ ಷರಾ ಬರೆಯುವ ಜಾಗದಲ್ಲಿ ಬಿಲ್ ನಂಬರ್ ಹಾಕಿದರೆ, ಅಥವಾ ಬಿಲ್‌ಗಳ ಪಟ್ಟಿಯನ್ನು ಒಂದು ಸಂದೇಶದಲ್ಲಿ ಕಳುಹಿಸಿದರೆ, 59ನೇ ಸೆಕ್ಷನ್ ಕೇಳುವ ಸೂಚನೆ ಅಲ್ಲೇ ಸಿಕ್ಕಂತಾಗುತ್ತದೆ. ಆಗ ಹುಡುಕುವ ಕೆಲಸವೇ ಉಳಿಯುವುದಿಲ್ಲ.